ಕೊಳದ ಶಿಬಿರದಲ್ಲಿ ದಾರಿ ಕಾದವಳು

"ಎಡಗಿವಿ ಅರ್ಧ ಹರಿದಿರೋ ಗಂಡಸು. ಎತ್ತರ. ದಾರೀಲಿ ಕಂಡ್ರಾ?"

ಶಿಬಿರ ನೋಡಿಕೊಳ್ಳುವ ಥಿಯಾ ಹೀಗೆ ಕೇಳುತ್ತಿದ್ದುದು ಎಷ್ಟನೇ ಸಲವೋ. ಗುಡಾರ ಹೊತ್ತು ಏದುಸಿರು ಬಿಡುತ್ತಾ ಬಂದ ಚಾರಣಿಗರು ಇಲ್ಲವೆಂದು ತಲೆಯಾಡಿಸಿದರು. ಅವರಿಗೊಂದು ಮರದ ಅಟ್ಟಣೆ ತೋರಿಸಿ, "ಗುಡಾರ ಇದರ ಮೇಲೇ ಹಾಕಿ. ಪಾಚಿ ಮೇಲೆ ಕಾಲಿಟ್ರೆ ನಾನು ಸುಮ್ನಿರಲ್ಲ," ಎಂದಳು. ದನಿಯಲ್ಲಿ ಎಂದಿನ ಗದರಿಕೆ ಇರಲಿಲ್ಲ.

ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಬೆಟ್ಟಗಳಲ್ಲಿ ಎಲೆ ಕೆಂಪಾಗುವ ವಾರಾಂತ್ಯವೆಂದರೆ ಶಿಬಿರದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೊಳದ ದಂಡೆಯ ಪಾಚಿ ಒಮ್ಮೆ ಸತ್ತರೆ ಮತ್ತೆ ಬೆಳೆಯಲು ಒಂದು ತಲೆಮಾರು ಬೇಕು. ಅದನ್ನು ಕಾಯುವುದು, ಜನರನ್ನು ಅಟ್ಟಣೆಗಳಿಗೆ ಹಂಚುವುದು, ಪಾಯಿಖಾನೆಯ ಮಲ ಕೊಳೆತು ಗೊಬ್ಬರವಾಗಲು ಮರದ ತೊಗಟೆ ಬೆರೆಸಿ ತಿರುವುವುದು, ಎಲ್ಲ ಅವಳೊಬ್ಬಳ ಪಾಲು. ಅಂದು ಮಧ್ಯಾಹ್ನ ಯಾರೋ ಮಾತಿನ ನಡುವೆ, ಬೆಟ್ಟದ ಬುಡದಲ್ಲಿ ಕಿವಿ ಹರಿದವನೊಬ್ಬ ಬೂಟು ಬಿಗಿಯುತ್ತಿದ್ದ ಎಂದರು. ಅವಳ ಕೈಯ ಸಲಿಕೆ ಗೊಬ್ಬರದೊಳಗೇ ಬಿತ್ತು. ಆಗಿನಿಂದ ಅವಳಿಗೆ ಜೀವದಲ್ಲಿ ಜೀವವಿರಲಿಲ್ಲ.

ಬೆಟ್ಟದ ಕೆಳಗಿನ ಕಚೇರಿಗೆ ರೇಡಿಯೋದಲ್ಲಿ ತಿಳಿಸಿದ್ದಳು. ಬೆಳಗಾಗದೆ ಯಾರೂ ಮೇಲೆ ಬರಲಾರರು ಎಂಬ ಉತ್ತರ ಬಂದಿತ್ತು. ಹತ್ತಲು, ಇಳಿಯಲು ಇರುವುದು ಒಂದೇ ದಾರಿ. ಹೊತ್ತು ಇಳಿಯುತ್ತಿತ್ತು.

ಮೊದಲ ಅಟ್ಟಣೆಯ ವಯಸ್ಸಾದ ದಂಪತಿ, ವೆಂಡೆಲ್ ಮತ್ತು ಲೋರ್ನಾ, ಅವಳ ಮುಖ ನೋಡಿ ಎದ್ದು ಬಂದರು.

"ನಿಮ್ಮನೆಯವರೇನಮ್ಮ?" ಎಂದಳು ಲೋರ್ನಾ.

"ಹ್ಞೂಂ, ಗಂಡ."

"ಗಂಡಸ್ರು ದಾರಿ ಕೇಳಲ್ಲ, ಅದಕ್ಕೇ ಕಳೆದುಹೋಗೋದು. ನಮ್ಮಿವ್ರು ಮನೆಯಿಂದ ಅಂಗಡಿಗೆ ಹೋದ್ರೂ ಇದೇ ಕಥೆ."

ಥಿಯಾ ನಗಲಿಲ್ಲ. ವೆಂಡೆಲ್ ಟಾರ್ಚು ಕೈಗೆತ್ತಿಕೊಂಡ. "ಕೆಳಗೆ ದಾರೀಲಿ ಸಿಗೋ ಹಳ್ಳದವರೆಗೂ ಹೋಗಿ ನೋಡ್ಕೊಂಡು ಬರ್ತೀವಿ ಮಗಳೇ. ಹೆಸರು ಹೇಳು, ಕೂಗ್ತೀನಿ."

"ಬೇಡ. ಕೂಗ್ಬೇಡಿ, ಮಾತಾಡಿಸ್ಲೂಬೇಡಿ. ಕಂಡ್ರೆ ಓಡಿಬಂದು ನಂಗೆ ಹೇಳಿ, ಅಷ್ಟು ಸಾಕು."

ಲೋರ್ನಾ ಗಂಡನತ್ತ ಕಣ್ಣು ಮಿಟುಕಿಸಿದಳು. ಗಂಡಹೆಂಡಿರ ಜಗಳ, ಇನ್ನೇನು.

ಥಿಯಾ ಬೆನ್ನುಚೀಲ ಕಟ್ಟಿ ಗುಡಾರದ ಬಾಗಿಲಲ್ಲಿಟ್ಟಳು. ತುಂಬಿದ ಶಿಬಿರವನ್ನು ಬಿಟ್ಟು ಇಳಿಯುವಂತೆಯೂ ಇರಲಿಲ್ಲ. ಬಂಡೆ ಹತ್ತಿ ದಾರಿ ನೋಡಿದಳು, ಇಳಿದಳು, ಮತ್ತೆ ಹತ್ತಿದಳು. ಯಾರೋ ಬಿಸಿ ಸೂಪು ತಂದುಕೊಟ್ಟರು. ಅದನ್ನು ಕುಡಿಯದೆ ಕೆಳಗಿಟ್ಟು ಮತ್ತೆ ಬಂಡೆಯತ್ತ ನಡೆದಳು. ಶಿಬಿರದ ಜನರೆಲ್ಲ ಮರುಕದಿಂದ ಅವಳನ್ನೇ ನೋಡುತ್ತಿದ್ದರು.

ಮುಸ್ಸಂಜೆಗೆ ಮರಗಳ ನಡುವೆ ಟಾರ್ಚಿನ ಬೆಳಕು ಕಾಣಿಸಿತು. ಬರುತ್ತಿದ್ದವರು ಇಬ್ಬರಲ್ಲ, ಮೂವರು.

"ಸಿಕ್ಕಿದ್ರು ಕಣಮ್ಮ," ಎಂದ ವೆಂಡೆಲ್, ಮುಖವೆಲ್ಲ ನಗುವಾಗಿ. "ಹಳ್ಳದ ನೀರು ನೋಡಿ ವಾಪಸ್ ಹೊರಟುಬಿಟ್ಟಿದ್ರು. ನೀನು ಇಲ್ಲಿ ಒದ್ದಾಡ್ತಿರೋದನ್ನ ಹೇಳಿ, ಕೈ ಹಿಡಿದು ದಾಟಿಸ್ಕೊಂಡು ಬಂದ್ವಿ."

ಶಿಬಿರವೆಲ್ಲ ಚಪ್ಪಾಳೆ ತಟ್ಟಿತು. ಲೋರ್ನಾ ಕಣ್ಣೊರೆಸಿಕೊಂಡಳು. ಕಿವಿ ಹರಿದವನು ನೇರವಾಗಿ ಬಂದು ಥಿಯಾಳನ್ನು ತಬ್ಬಿಕೊಂಡು, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ ಹೇಳಿದ:

"ಮೂರು ವರ್ಷ ನನ್ನ ಕೈಗೆ ಸಿಗದ ಹಾಗೆ ಊರೂರು ಬದಲಾಯಿಸ್ದೆ. ಕೊನೆಗೆ ನೀನೇ ಜನ ಕಳಿಸಿ ಕರೆಸ್ಕೊಂಡೆ ನೋಡು."