ಸದ್ದಿಲ್ಲದ ಸಿಂಹ

ಟೀವಿಯಲ್ಲಿ ಸಿಂಹ ಕಾಣಿಸಿದ ಕೂಡಲೇ ಗಂಡ ಮತ್ತೆ ವಾಲ್ಯೂಮ್ ತಗ್ಗಿಸಿದ್ದನ್ನು ಕಾತ್ಯಾಯಿನಿ ನೋಡಿದಳು. "ಬರೀ ಗಾಳಿ ಸದ್ದು ಕಣೇ," ಎಂದ ಸೂರ್ಯನಾರಾಯಣ. ಕೀನ್ಯಾದ ಸಫಾರಿಯಿಂದ ಅಮೆರಿಕದ ಎಲಿಕಾಟ್ ಸಿಟಿಯ ಮನೆಗೆ ಮರಳಿದ ಮೇಲೆ, ತಾನೇ ಚಿತ್ರೀಕರಿಸಿದ ಈ ಟೇಪನ್ನು ಅವನು ಯಾರಿಗೆ ತೋರಿಸಿದರೂ ಆನೆಗೆ, ಜಿರಾಫೆಗೆ ಸದ್ದಿರುತ್ತಿತ್ತು. ಸಿಂಹಕ್ಕೆ ಮಾತ್ರ ಇರುತ್ತಿರಲಿಲ್ಲ. ಜೀಪಿನಲ್ಲಿ ಗೆಳೆಯ ಪ್ರಭಾಕರ ಮತ್ತು ಗೈಡ್ ಬಿಟ್ಟರೆ ಬೇರೆ ಯಾರೂ ಇರಲಿಲ್ಲ ಎಂದು ಅವಳು ಕೇಳದಿದ್ದರೂ ಹೇಳಿದ್ದ. ಅನುಮಾನ ಹುಟ್ಟಿದ್ದೇ ಅಲ್ಲಿ.

ಚಿತ್ರ ತಟ್ಟನೆ ಅಲುಗಾಡಿ ಕೆಳಕ್ಕೆ ಜಾರಿತು. ಈಗ ಪರದೆಯ ತುಂಬ ಜೀಪಿನ ನೆಲ, ಅವನ ಶೂ. "ಏನ್ ಅಂಕಲ್, ಸಿಂಹನ ಬಿಟ್ಟು ಶೂ ಶೂಟ್ ಮಾಡಿದೀರಾ!" ಎಂದು ಟೇಪ್ ನೋಡಲು ಬಂದಿದ್ದ ಪಕ್ಕದ ಮನೆಯ ಹುಡುಗಿ ಇಂದು ನಕ್ಕಳು. ಅವನೂ ನಗುತ್ತ ಟೇಪ್ ಮುಂದಕ್ಕೆ ಓಡಿಸಲು ರಿಮೋಟ್ ಎತ್ತಿದ. ಕಾತ್ಯಾಯಿನಿ ಅದನ್ನು ಕಿತ್ತುಕೊಂಡು ಸದ್ದು ಏರಿಸಿದಳು. ಹೆಂಗಸಿನ ದನಿಗಾಗಿ ಕಿವಿಗೊಟ್ಟಳು.

ಕೇಳಿಸಿದ್ದು ಪ್ರಭಾಕರನ ದನಿ. "ಮತ್ತೆ ಎದೆ ನೋವಾ? ಮಾತ್ರೆ ನಾಲಿಗೆ ಕೆಳಗಿಟ್ಕೋ. ಬೈಪಾಸ್‌ಗೆ ಡೇಟೇ ಕೊಟ್ಟಿದ್ದಾರೆ, ಇನ್ನಾದ್ರೂ ಕಾತ್ಯಾಯಿನಿಗೆ ಹೇಳೋ."

"ಹೇಳಿದ್ರೆ ಇಲ್ಲಿಗೆ ಬಿಡ್ತಿದ್ಲಾ?" ಉಸಿರು ಸಾಲದ ಆ ದನಿ ಗಂಡನದು. "ನೀನು ಸಿಂಹ ನೋಡು, ಸುಮ್ನೆ."

ಇಂದುವಿನ ನಗು ನಿಂತಿತ್ತು. ಕಾತ್ಯಾಯಿನಿ ಟೇಪ್ ನಿಲ್ಲಿಸಿ ಗಂಡನ ಕಡೆ ತಿರುಗಿದಳು.

"ಆ ಡೇಟ್ ಯಾವತ್ತು?"

ಅವನು ಕಾರ್ಪೆಟ್ ನೋಡುತ್ತ ಹೇಳಿದ: "ಹೋದ ಮಂಗಳವಾರ."