ಎಡೆಯ ಮುದ್ದೆ

ಹದಿನೆಂಟು ತುಂಬಿದವರಿಗೆಲ್ಲ ಸರ್ಕಾರವೇ ಹೊಟ್ಟೆ ಕೊಯ್ದು ಚಿಕ್ಕದು ಮಾಡಿಸುತ್ತಿದ್ದ ಕಾಲ. ನೆಲ್ಲಿಕಾಯಿಗಿಂತ ದೊಡ್ಡ ಮುದ್ದೆ ಕಟ್ಟುವವರು ಊರಲ್ಲೇ ಇರಲಿಲ್ಲ. ಗಂಡ ನಂಜೇಗೌಡರ ತಿಥಿಯ ದಿನ ದೇವೀರಮ್ಮ ಮಾತ್ರ ಎರಡು ಕೈ ತುಂಬುವಂಥ ಮುದ್ದೆ ಕಟ್ಟಿ, ಬಾಳೆಲೆಯಲ್ಲಿ ಎಡೆ ಇಟ್ಟಳು.

ಮಗಳು ಚಂದ್ರಿ ಗಾಬರಿಯಾದಳು. "ಇಷ್ಟು ದೊಡ್ಡದಾ? ಎರಡು ತುತ್ತಿಗೇ ಅಪ್ಪ ಎದೆ ಹಿಡ್ಕೊಂಡು ಕೂತ್ಬಿಡೋರು ಕಣವ್ವ. ಗಂಟಲಿಗೆ ಹುಳಿ ಬರೋದು."

ದೇವೀರಮ್ಮನಿಗೆ ಅದು ಗೊತ್ತಿಲ್ಲದ್ದೇನಲ್ಲ. ಹೊಟ್ಟೆ ಕೊಯ್ದ ಮೇಲೆ, ಮಲಗಿದರೆ ಎದೆ ಉರಿಯುತ್ತದೆಂದು ಅವರು ಜೀವಮಾನವೆಲ್ಲ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದ್ದರು. ಅವಳು ಮುದ್ದೆಯ ನೆತ್ತಿಯಲ್ಲಿ ಗುಳಿ ಮಾಡಿ ತುಪ್ಪ ಬಿಟ್ಟಳು.

"ಆ ಕೊಯ್ದ ಹೊಟ್ಟೇನ ಮಣ್ಣು ಮಾಡಾಯ್ತಲ್ಲ ಮಗಾ. ಇವತ್ತಾದ್ರೂ ಹೊಟ್ಟೆ ತುಂಬ ಉಣ್ಲಿ."