ಬಾಲವಿಲ್ಲದ ಕುದುರೆ

ಮೇಜಿನ ಮೇಲೆ ಹರಡಿದ್ದ ಪ್ರೂಫ್ ಹಾಳೆಗಳನ್ನು ಪಕ್ಕಕ್ಕೆ ಸರಿಸಿ ಅತ್ತಿಗೆ ನಾಣ್ಯವನ್ನು ಇಟ್ಟರು. "ನಿನ್ನ ಪುಸ್ತಕ ಮುಗಿಯೋದ್ರೊಳಗೆ ಇದನ್ನೊಂದ್ಸಲ ಸರಿಯಾಗಿ ನೋಡು. ಫೋನಲ್ಲೇ ನಕ್ಕುಬಿಟ್ಟೆಯಂತೆ. ನಿಮ್ಮಣ್ಣ ಕೊನೇವರೆಗೂ ಅದನ್ನ ಮರೀಲಿಲ್ಲ."

ಮೈದುನ ತಲೆ ತಗ್ಗಿಸಿದ. ಹಳೆಯ ಕುದುರೆ ನಾಣ್ಯಗಳನ್ನು ಅವು ಹುಟ್ಟಿದ ಅಚ್ಚಿನ ಪ್ರಕಾರ ವಿಂಗಡಿಸುವುದರಲ್ಲೇ ಅವನ ಕೂದಲು ನರೆತಿತ್ತು. ಒಂದು ಅಚ್ಚಿನಲ್ಲಿ ಕುದುರೆಯ ಕಿವಿ ನೆಟ್ಟಗೆ, ಇನ್ನೊಂದರಲ್ಲಿ ಬಾಗಿದ್ದು, ಮತ್ತೊಂದರಲ್ಲಿ ಗೊರಸಿನ ಕೆಳಗೊಂದು ಬಿರುಕು. ಪ್ರತಿಯೊಂದು ಭೇದಕ್ಕೂ ಅವನು ಬರೆಯುತ್ತಿದ್ದ ಕ್ಯಾಟಲಾಗಿನಲ್ಲಿ ಬೇರೆ ಸಂಖ್ಯೆ. ದರ್ಜಿಯಾಗಿದ್ದ ಅಣ್ಣ, ತನ್ನ ಜೇಬಿನಲ್ಲಿ ಸದಾ ಇರುತ್ತಿದ್ದ ನಾಣ್ಯದ ಕುದುರೆಗೆ ಬಾಲವೇ ಇಲ್ಲ, ಇದರ ಅಚ್ಚೇ ಬೇರೆ ಎಂದು ಹಟ ಹಿಡಿದಿದ್ದ. ಇವನು ನಕ್ಕಿದ್ದ. ಅಂದಿನಿಂದ ಮಾತು ಕಡಿಮೆಯಾಗಿ, ಅದು ಸರಿಹೋಗುವ ಮೊದಲೇ ಅಣ್ಣ ಕಣ್ಣು ಮುಚ್ಚಿದ್ದ.

ನಾಣ್ಯವನ್ನು ದೀಪಕ್ಕೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದ. ಅಣ್ಣನ ಮಾತೇ ನಿಜವಾಗಿರಲಿ ಎಂದು ಮನಸ್ಸು ಹಂಬಲಿಸುತ್ತಿತ್ತು. ಆದರೆ ಬಾಲವಿರಬೇಕಾದ ಕಡೆ ಕೂದಲೆಳೆಯಷ್ಟು ಗುರುತು ಉಳಿದೇ ಇತ್ತು.

"ಬಾಲ ಇತ್ತು ಅತ್ತಿಗೆ. ಸವೆದುಹೋಗಿದೆ."

ಉಳಿದ ಗೆರೆಗಳೆಲ್ಲ ಚೆನ್ನಾಗಿಯೇ ಇವೆ, ಇದೊಂದೇ ಜಾಗವನ್ನು ಹೆಬ್ಬೆರಳಿನಿಂದ ವರ್ಷಗಟ್ಟಲೆ ಉಜ್ಜಿದಂತಿದೆ ಎಂದು ವಿವರಿಸಿದ. ಆಮೇಲೆ ದನಿ ತಗ್ಗಿಸಿ, ಬೇಕಾದರೆ ಬೇರೆ ಅಚ್ಚೆಂದೇ ಒಂದು ಸಂಖ್ಯೆ ಕೊಟ್ಟು ಸೇರಿಸಿಬಿಡುತ್ತೇನೆ, ಅಣ್ಣನ ಹೆಸರೂ ಹಾಕುತ್ತೇನೆ ಎಂದ. ಸುಳ್ಳು ಬರೆಯಬೇಡ ಎಂದರು ಅತ್ತಿಗೆ. ನಾಣ್ಯವನ್ನು ತಮ್ಮತ್ತ ಎಳೆದುಕೊಂಡು ಆ ಸವೆದ ಜಾಗವನ್ನು ನೋಡಿದರು.

"ನಾನು ಆಸ್ಪತ್ರೇಲಿ ಮಲಗಿದ್ದಾಗ ಅವರು ಜೇಬಿಂದ ಕೈನೇ ತೆಗೀತಿರಲಿಲ್ಲ. ಡಾಕ್ಟ್ರು ಮಾತಾಡ್ತಿದ್ರೂ ಹಾಗೇ ನಿಂತಿರೋರು. ಈ ಮನುಷ್ಯಂಗೆ ಚಿಂತೇನೇ ಇಲ್ವಲ್ಲ ಅಂತ ಒಳಗೊಳಗೇ ಕೊರಗ್ತಿದ್ದೆ ಕಣೋ."

ಅವರ ಕಣ್ಣು ತುಂಬಿತ್ತು, ತುಟಿಯಂಚಿನಲ್ಲಿ ನಗುವಿತ್ತು. ನಾಣ್ಯವನ್ನು ಅವನತ್ತ ಸರಿಸಿ, ನಿನ್ನ ಕೈಯೂ ಅವರ ಕೈಯ ಹಾಗೆಯೇ ಇದೆ, ಬೆರಳಿಟ್ಟು ನೋಡು ಎಂದರು.

ನಾಣ್ಯದ ಮುಖವನ್ನು ಬರಿಗೈಯಲ್ಲಿ ಮುಟ್ಟಬಾರದೆಂದು ಕಂಡವರಿಗೆಲ್ಲ ಹೇಳುತ್ತ ಬಂದವನು ಹೆಬ್ಬೆರಳನ್ನು ಕುದುರೆಯ ಬೆನ್ನ ಹಿಂದೆ ಇಟ್ಟ. ನುಣುಪಾದ ಆ ಜಾಗ ಬೆರಳಿಗೆ ಒಪ್ಪಿ ಕೂತಿತು. ಉಜ್ಜಿದ.

"ಹಾಗಲ್ಲ," ಎಂದರು ಅತ್ತಿಗೆ. "ಜೇಬಿನ ಬಟ್ಟೆ ಅಲುಗ್ತಿತ್ತಲ್ಲ, ನಂಗೆ ನೆನಪಿದೆ. ಇನ್ನೂ ನಿಧಾನ."